ಮುಕ್ಕಾಲು ಗಂಟೆ ದೂರದ ಪರದೇಶ

ಕೊರೊನಾ ಮುಗಿದು ಎರಡನೇ ವರ್ಷ. ಆಗ ನಾನು ಮೈಸೂರಿನಲ್ಲಿ, ಮಕ್ಕಳ ರಕ್ಷಣೆಯ ಸರ್ಕಾರಿ ಕಚೇರಿಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಮೊಣಕಾಲು ನೋವು, ಬಾಯಿ ಜೋರು, ಇವೆರಡಕ್ಕೂ ಕಚೇರಿಯಲ್ಲಿ ಹೆಸರಾಗಿದ್ದೆ. ದತ್ತು ಕೇಳಿ ಅರ್ಜಿ ಹಾಕಿದವರ ಮನೆಗೆ ಹೋಗಿ, ಅವರು ಹೇಗೆ ಬದುಕುತ್ತಿದ್ದಾರೆ, ಮಗು ಸಾಕುವ ಮನಸ್ಸೂ ಅನುಕೂಲವೂ ಇದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಇದಕ್ಕೆ ಹೋಮ್ ಸ್ಟಡಿ ಅನ್ನುತ್ತಾರೆ. ನನ್ನೂರು ಮೂಗೂರಿನ ಕಡೆ ಜನ ಇದನ್ನು ಹೆಣ್ಣು ನೋಡುವ ಶಾಸ್ತ್ರ ಅನ್ನುತ್ತಿದ್ದರು. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ನಾನು ಹೋಗುವ ದಿನ ಮನೆಯವರು ಹೊಸ ಬೆಡ್‌ಶೀಟ್ ಹಾಸಿ, ಉಪ್ಪಿಟ್ಟು ಕೇಸರಿಬಾತು ಮಾಡಿಟ್ಟುಕೊಂಡು ಕೂತಿರುತ್ತಿದ್ದರು.

ಹೀಗೆ ಎಷ್ಟೋ ಮನೆ ನೋಡಿದ್ದೇನೆ, ಎಷ್ಟೋ ಉಪ್ಪಿಟ್ಟು ತಿಂದಿದ್ದೇನೆ. ಮರೆತದ್ದೇ ಹೆಚ್ಚು. ನಂಜನಗೂಡಿನ ಸುಕುಮಾರ್ ಮತ್ತು ಪ್ರಮೀಳಾ ದಂಪತಿಯ ಕೇಸು ಮಾತ್ರ ಇವತ್ತಿಗೂ ಬಿಟ್ಟುಹೋಗಿಲ್ಲ. ಹೆಸರುಗಳನ್ನು ಬದಲಾಯಿಸಿದ್ದೇನೆ, ಮಗುವಿನದನ್ನೂ ಸೇರಿಸಿ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಇಬ್ಬರೂ ನನಗಿಂತ ಬಹಳ ಚಿಕ್ಕವರು, ಕೊನೆಕೊನೆಗೆ ಮನೆಮಕ್ಕಳ ಹಾಗೇ ಆದವರು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಸುಕುಮಾರ ನಂಜನಗೂಡಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ. ಪ್ರಮೀಳಾ ನರ್ಸು. ತವರು ತಿ. ನರಸೀಪುರ. ಅಲ್ಲಿಯ ನರ್ಸಿಂಗ್ ಹೋಮಿಗೆ ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಇಬ್ಬರೂ ತಲೆಮಾರುಗಳಿಂದ ಇಲ್ಲಿಯವರೇ ಆದ ಕ್ರೈಸ್ತರು. ಮದುವೆಯಾದ ಹೊಸತರಲ್ಲಿ ನ್ಯೂಜಿಲೆಂಡಿಗೆ ಹೋಗಿ, ಅಲ್ಲಿ ದುಡಿದು, ಅಲ್ಲಿಯ ಪೌರತ್ವ ತಗೊಂಡಿದ್ದರು. ನಿಂತ ಬಸಿರೆಲ್ಲ ಇಳಿದುಹೋಯಿತು. ಯಾರಿಗೋಸ್ಕರ ಅಲ್ಲಿರಬೇಕು ಎನಿಸಿ ಊರಿಗೆ ವಾಪಸಾದರು. ಆದರೆ ಪಾಸ್‌ಪೋರ್ಟು ಪರದೇಶದ್ದೇ ಉಳಿಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಭಾರತದಲ್ಲೇ ಹುಟ್ಟಿ ಬೇರೆ ದೇಶದ ಪ್ರಜೆಯಾದವರಿಗೆ ಓಸಿಐ ಅಂತ ಒಂದು ಕಾರ್ಡ್ ಕೊಡುತ್ತಾರೆ. ಅದಿದ್ದರೆ ಇಲ್ಲಿ ಎಷ್ಟು ಕಾಲ ಬೇಕಾದರೂ ಇರಬಹುದು, ಕೆಲಸ ಮಾಡಬಹುದು. ಆದರೆ ಅಂಥವರು ದತ್ತು ಕೇಳಿದರೆ, ನಂಜನಗೂಡಿನಲ್ಲೇ ಮನೆ ಮಾಡಿಕೊಂಡಿದ್ದರೂ, ಮೈಸೂರಿನ ಮಗುವನ್ನೇ ಕೇಳಿದರೂ, ಅದು ಅಂತರ್‌ದೇಶೀಯ ದತ್ತು. ಅವರ ದೇಶದ ರಾಯಭಾರ ಕಚೇರಿಯಿಂದ ಒಪ್ಪಿಗೆ ಪತ್ರ ಬರಬೇಕು. ದೆಹಲಿಯ ದತ್ತು ಪ್ರಾಧಿಕಾರದಿಂದ ಎನ್‌ಓಸಿ, ಅಂದರೆ ನಮ್ಮ ಅಭ್ಯಂತರವಿಲ್ಲ ಎನ್ನುವ ಪತ್ರ ಬರಬೇಕು. ಆಮೇಲೆ ಜಿಲ್ಲಾಧಿಕಾರಿಗಳ ಆದೇಶ. ಮಗು ಇರುವುದು ಮೈಸೂರಿನ ಶಿಶುಗೃಹದಲ್ಲಿ, ಇವರಿರುವುದು ನಂಜನಗೂಡಿನಲ್ಲಿ, ಮಧ್ಯೆ ಇರುವುದು ಮುಕ್ಕಾಲು ಗಂಟೆಯ ರೈಲು. ಕಾಗದದಲ್ಲಿ ಮಾತ್ರ ಮಧ್ಯೆ ಸಮುದ್ರ ಇತ್ತು.

ಅವರಿಗೆ ನಿಗದಿಯಾದ ಮಗು ಚಂದನ. ಎರಡು ವರ್ಷ ದಾಟಿದ್ದ ಹುಡುಗಿ, ಗುಂಡುಮುಖ, ಎರಡೂ ಕಿವಿ ಕೇಳುತ್ತಿರಲಿಲ್ಲ. ಮೈಸೂರಿನ ಕಿವಿ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರೆ ಕೇಳಿಸುತ್ತದೆ ಎಂದು ಬರೆದಿದ್ದರು. ಕಿವಿಯ ಒಳಗೆ ಆಪರೇಷನ್ ಮಾಡಿ ಕೂರಿಸುವ ಸಣ್ಣ ಯಂತ್ರ ಅದು. ಹಾಗಾದರೆ ಶಿಶುಗೃಹದಲ್ಲಿರುವಾಗಲೇ ಹಾಕಿಬಿಡಿ ಎಂದು ನಾನೇ ಜಗಳವಾಡಿದ್ದೆ. ಡಾಕ್ಟರು ಸಮಾಧಾನವಾಗಿ ಹೇಳಿದರು: "ಆಪರೇಷನ್ ಒಂದು ದಿನದ ಕೆಲಸ ಮೇಡಂ. ಆಮೇಲೆ ವರ್ಷಗಟ್ಟಲೆ ದಿನಾ ಕೂತು ಮಾತು ಕಲಿಸಬೇಕು. ಅಪ್ಪ ಅಮ್ಮ ಇಲ್ಲದೆ ಅದು ಆಗೋ ಮಾತಲ್ಲ. ಮೂರು ತುಂಬೋದರೊಳಗೆ ಮನೆ ಸಿಕ್ಕಿದ್ರೆ ಮಗು ನಿಮ್ಮ ಹಾಗೇ ಮಾತಾಡುತ್ತೆ. ಆಮೇಲೆ ಒಂದೊಂದು ತಿಂಗಳೂ ಲುಕ್ಸಾನು."

ಪ್ರಮೀಳಾ ನರ್ಸಾದ್ದರಿಂದ ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗುವಿನ ವಿವರ ಬಂದ ದಿನವೇ ಒಪ್ಪಿಗೆ ಸಹಿ ಹಾಕಿದರು.

ಒಪ್ಪಿಗೆಯಾದ ಮೇಲೆ ಅವರ ಮನೆಗೆ ಮತ್ತೊಮ್ಮೆ ಹೋದೆ. ನಂಜನಗೂಡು ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಬೆಲ್ ಒತ್ತಿದರೆ ಸದ್ದೇ ಇಲ್ಲ. ಕೆಟ್ಟಿದೆ ಅಂದುಕೊಂಡು ಬಾಗಿಲು ತಟ್ಟಲು ಕೈಯೆತ್ತುವಷ್ಟರಲ್ಲಿ ಸುಕುಮಾರ ಬಾಗಿಲು ತೆಗೆದ. "ಕೆಟ್ಟಿಲ್ಲ ಮೇಡಂ, ಇನ್ನೊಂದ್ಸಲ ಒತ್ತಿ, ಒಳಗಡೆ ನೋಡಿ" ಅಂದ. ಒತ್ತಿದೆ. ಹಜಾರದಲ್ಲಿ, ಅಡಿಗೆಮನೆಯಲ್ಲಿ, ಬಚ್ಚಲಿನಲ್ಲಿ, ಎಲ್ಲ ಕಡೆ ಒಂದೊಂದು ಹಳದಿ ಬಲ್ಬು ಹೊತ್ತಿ ಆರಿತು. ಬಾಗಿಲಿಗೆ ಯಾರು ಬಂದರೂ ಮಗುವಿಗೆ ತಿಳಿಯಲಿ ಎಂದು ಅವನೇ ವೈರಿಂಗ್ ಮಾಡಿಕೊಂಡಿದ್ದ. ಮಗು ಇನ್ನೂ ಮನೆಗೇ ಬಂದಿಲ್ಲ, ಆಗಲೇ ಬಲ್ಬು ತಯಾರಾಗಿದ್ದವು.

ಆ ಮನೆಯಲ್ಲಿ ರೈಲು ಹೋದರೆ ಗೂಡಿನಲ್ಲಿಟ್ಟ ಲೋಟಗಳು ಗಡಗಡ ಅನ್ನುತ್ತಿದ್ದವು. ಮಗು ಬೆಚ್ಚಿಬೀಳುವುದಿಲ್ಲವೇ ಎಂದು ಕೇಳಬೇಕೆಂದಿದ್ದವಳು ನಾಲಿಗೆ ಕಚ್ಚಿಕೊಂಡೆ. ಪ್ರಮೀಳಾ ಅರ್ಥ ಮಾಡಿಕೊಂಡು ನಕ್ಕಳು. "ಕೇಳಲ್ಲ, ಆದ್ರೆ ನೆಲ ಅದುರೋದು ಅಂಗಾಲಿಗೆ ಗೊತ್ತಾಗುತ್ತೆ ಮೇಡಂ. ನಾವಿಬ್ರೂ ಕಿವಿಗೆ ಹತ್ತಿ ಇಟ್ಕೊಂಡು ಬರಿಗಾಲಲ್ಲಿ ನಿಂತು ನೋಡಿದೀವಿ. ಅವಳನ್ನ ಕರೀಬೇಕಾದ್ರೆ ನೆಲ ಕುಟ್ಟಿದ್ರೆ ಸಾಕು." ಗಂಡ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ರೈಲಿಗೆ ಕಾಯುತ್ತಾ ನಿಂತದ್ದನ್ನು ನೆನೆಸಿಕೊಂಡು ನನಗೆ ನಗು ಬಂತು.

ಅವರ ದಿನಗಳೆಲ್ಲ ಹೀಗೇ ಇದ್ದವು. ಬೆಳಿಗ್ಗೆ ಬಸ್ಸಿನಲ್ಲಿ ಪ್ರಮೀಳಾ ಮೊಬೈಲು ನೋಡಿಕೊಂಡು ಸಂಜ್ಞಾ ಭಾಷೆ ಕಲಿಯುತ್ತಿದ್ದಳು. ಇಂಪ್ಲಾಂಟ್ ಹಾಕುವವರೆಗೆ ಮಗುವಿನ ಜೊತೆ ಮಾತು ಬೇಡವೇ? ಮಡಿಲಲ್ಲಿ ಕೈ ಆಡಿಸುವುದನ್ನು ನೋಡಿದ ಪಕ್ಕದ ಸೀಟಿನ ಹೆಂಗಸು "ಏನವ್ವಾ, ಜಪ ಮಾಡೀಯಾ?" ಎಂದಿದ್ದಳಂತೆ. ನರ್ಸಿಂಗ್ ಹೋಮಿನಲ್ಲಿ ಎರಡು ದಿನ ರಜೆ ಹಾಕಿ ಬಂದರೆ ಸಾಕು, "ಏನು ಸಿಸ್ಟರ್, ವಿಶೇಷನಾ?" ಎಂದು ಹೊಟ್ಟೆ ನೋಡುತ್ತಿದ್ದರು. ಸಂಜೆ ಗಂಡ ಹೆಂಡತಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆಗೆ ಕೂತರೆ ಮೂರನೇ ಚಾಪೆಯೊಂದನ್ನೂ ಹಾಸುತ್ತಿದ್ದರು. ಆ ಚಾಪೆ ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ದಿನ ಪ್ರಮೀಳಾ ನನಗೇ ಸಂಜ್ಞೆಯ ಪಾಠ ಹೇಳಿಕೊಟ್ಟಳು. ತೋರುಬೆರಳನ್ನು ಮೂಗಿನ ಪಕ್ಕಕ್ಕೆ, ಮೂಗುಬೊಟ್ಟು ಇರುವ ಜಾಗಕ್ಕೆ ಮುಟ್ಟಿಸಿದರೆ ಅಮ್ಮ ಅಂತ ಅರ್ಥ. "ನಮ್ಮನೇಲಿ ಅಜ್ಜಿ ಕಾಲದಿಂದ ಯಾರೂ ಮೂಗು ಚುಚ್ಚಿಸಿಲ್ಲ ಮೇಡಂ. ಖಾಲಿ ಮೂಗು ನೋಡಿ, ಇವಳ್ಯಾವ ಸೀಮೆ ಅಮ್ಮ ಅಂದ್ಕೊಂಡ್ರೆ?" ಎಂದಳು. ತಮಾಷೆಗೇ ಅಂದದ್ದು. ಆದರೆ ಅನುಮತಿ ಕೊಡಿಸಿ ಅವರನ್ನು ಮೊದಲ ಸಲ ಶಿಶುಗೃಹಕ್ಕೆ ಕರೆದುಕೊಂಡು ಹೋದಾಗ ಅದೇ ಆಯಿತು. ಚಂದನ ಆಯಾ ಮಹದೇವಮ್ಮನ ಮಡಿಲಲ್ಲಿ ಕೂತು ಆಕೆಯ ಮೂಗುಬೊಟ್ಟು ಹಿಡಿದು ಆಡುತ್ತಿತ್ತು. ಪ್ರಮೀಳಾ ಎತ್ತಿಕೊಂಡಾಗ ಅವಳ ಮೂಗನ್ನೂ ತಡವಿ ನೋಡಿತು. ಅಲ್ಲಿ ಏನೂ ಸಿಗದೆ ತಿರುಗಿ ಮಹದೇವಮ್ಮನ ಕಡೆ ಕೈ ಚಾಚಿತು.

ಎರಡನೇ ಭೇಟಿಯಲ್ಲಿ ಮಗುವಿಗೆ ಅವರು ಅಷ್ಟು ಹೊಸಬರೆನಿಸಲಿಲ್ಲ. ಸುಕುಮಾರನ ಹೆಗಲ ಮೇಲೆ ನಿದ್ದೆ ಹೋಯಿತು. ಅವನು ಕಾಲು ಜೋಮು ಹಿಡಿದರೂ ಕದಲದೆ ಕೂತಿದ್ದ. ಮೂರನೇ ಭೇಟಿ ಆಗಲೇ ಇಲ್ಲ.

ಆದದ್ದು ಇಷ್ಟು. ಅವರ ಸಭೆಯಲ್ಲಿ, ಅಂದರೆ ಚರ್ಚಿನ ಜನರಲ್ಲಿ, ಸರಪಳಿ ಪ್ರಾರ್ಥನೆ ಎನ್ನುವ ಪದ್ಧತಿಯಿದೆ. ಯಾರಿಗಾದರೂ ದೊಡ್ಡ ಕಷ್ಟ ಬಂದರೆ ಒಬ್ಬೊಬ್ಬರು ಒಂದೊಂದು ಗಂಟೆ ಹಂಚಿಕೊಂಡು, ಹಗಲೂ ರಾತ್ರಿ ಕೊಂಡಿ ಕಳಚದ ಹಾಗೆ ಪ್ರಾರ್ಥಿಸುತ್ತಾರೆ. ಎನ್‌ಓಸಿ ಬರುವುದು ತಡವಾಗುತ್ತಿದೆ, ಮಗುವಿಗೆ ಮೂರು ತುಂಬುತ್ತಾ ಬರುತ್ತಿದೆ ಎಂದು ಸಭಾಪಾಲಕರು ಒಂದು ಸರಪಳಿ ಏರ್ಪಡಿಸಿದರು. ಯಾರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂದು ಮುಖವಾದರೂ ತಿಳಿಯಲಿ ಎಂದು ಪ್ರಮೀಳಾ, ಭೇಟಿಯ ದಿನ ಮಹದೇವಮ್ಮ ಕಳಿಸಿದ್ದ ಮಗುವಿನ ಫೋಟೋವನ್ನು ಅವರ ವಾಟ್ಸಾಪ್ ಗುಂಪಿಗೆ ಹಾಕಿದಳು.

ದತ್ತು ಹೋಗುವ ಮಗುವಿನ ಗುರುತನ್ನು ಹೊರಗೆ ಬಿಡುವುದು ಅಪರಾಧ. ಕೌನ್ಸೆಲಿಂಗಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದ್ದೆ. ಆ ಫೋಟೋ ನಂಜನಗೂಡಿನ ಗುಂಪಿನಿಂದ ನರಸೀಪುರಕ್ಕೆ ಹೋಯಿತು, ಅಲ್ಲಿಂದ ಕೊಳ್ಳೇಗಾಲಕ್ಕೆ, ಮೈಸೂರಿಗೆ. ಎಲ್ಲೋ ಒಂದು ಕಡೆ ಸಭೆಯವರಲ್ಲದವರ ಕೈಗೂ ಸಿಕ್ಕಿತು. ಯಾವ ಪುಣ್ಯಾತ್ಮನೋ ಅದರ ಕೆಳಗೆ "ಪರದೇಶದವರು ನಮ್ಮ ಮಗು ಕೊಂಡುಕೊಂಡು ಹೋಗುತ್ತಿದ್ದಾರೆ, ಎಲ್ಲರಿಗೂ ಕಳಿಸಿ" ಎಂದು ಸೇರಿಸಿದ. ವಾರ ಕಳೆಯುವುದರೊಳಗೆ ದೂರು ನಮ್ಮ ಕಚೇರಿಗೆ ಬಂತು. ಚಂದನಳ ಫೈಲು ಅಲ್ಲಿಗೇ ನಿಂತಿತು. ಭೇಟಿಯೂ ಬಂದ್.

ಅನುಮಾನ ಮೊದಲು ಹೋದದ್ದು ಮಹದೇವಮ್ಮನ ಮೇಲೆ. ಫೋಟೋ ತೆಗೆದದ್ದು ಆಕೆಯ ಮೊಬೈಲಿನಲ್ಲಿ. ಅಂಚಿನಲ್ಲಿ ಆಕೆಯ ಸೆರಗೂ ಕಾಣುತ್ತಿತ್ತು. ಶಿಶುಗೃಹದವರು ಆಕೆಯನ್ನು ಮನೆಗೆ ಕಳಿಸಿದರು. ವಿಚಾರಣೆ ಮಾಡಿ ವರದಿ ಕೊಡು ಎಂದು ನನಗೆ ಆದೇಶವಾಯಿತು.

ನಂಜನಗೂಡಿಗೆ ಹೋದವಳು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದೆ. ನಿಮಗೆ ಬುದ್ಧಿ ನೆಟ್ಟಗಿದೆಯಾ, ಎಷ್ಟು ಸಲ ಹೇಳಿದ್ದೆ, ಮಗುವಿನ ಬಾಳಿಗೆ ಕಲ್ಲು ಹಾಕಿಬಿಟ್ಟಿರಲ್ಲ ಎಂದೆಲ್ಲ ಕೂಗಾಡಿದೆ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಪ್ರಮೀಳಾ ಗೋಡೆಗೆ ಒರಗಿ ಕೂತಿದ್ದಳು. "ಸಭೆಯವರು ಹೊರಗಿನೋರು ಅಂತ ನನಗೆ ಅನ್ನಿಸ್ಲೇ ಇಲ್ಲ ಮೇಡಂ. ನನ್ನ ನಾಮಕರಣ, ಮದುವೆ, ನಮ್ಮಪ್ಪನ ಸಾವು, ಎಲ್ಲಾದಕ್ಕೂ ಅವರೇ ಇದ್ದದ್ದು. ಮನೆಯೋರಿಗೆ ತೋರಿಸ್ದೆ ಅಂದ್ಕೊಂಡೆ."

ಕೋಪ ಇಳಿದ ಮೇಲೆ ನನ್ನ ತಲೆ ಬೇರೆ ಲೆಕ್ಕ ಹಾಕಿತು. ಫೋಟೋ ಅಷ್ಟು ಕೈ ದಾಟಿದೆ, ಮೊದಲು ಯಾರು ಹಾಕಿದ್ದು ಎಂದು ಯಾರಿಂದಲೂ ಹೇಳಲಾಗದು. ಮೂಲ ಪತ್ತೆಯಾಗಿಲ್ಲ ಎಂದು ಬರೆದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ, ಫೈಲು ಬೇಗ ಹೊರಡುತ್ತದೆ. ಆ ಮಾತನ್ನು ಅವರ ಮುಂದೆ ಹಾಗೇ ತೇಲಿಸಿದೆ.

ಸುಕುಮಾರ ಅವತ್ತು ಮಾತಾಡಿದ್ದೇ ಕಮ್ಮಿ. "ಹಾಗ್ ಬರೆದ್ರೆ ಆ ಆಯಮ್ಮನ ಕೆಲಸ?" ಎಂದು ಕೇಳಿದ. ಅನುಮಾನ ಉಳಿದೇ ಇರುತ್ತದೆ, ವಾಪಸ್ ತಗೊಳ್ಳುವುದು ಕಷ್ಟ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಪ್ರಮೀಳಾ ಎದ್ದು ಒಳಗೆ ಹೋಗಿ ಬಿಳಿ ಹಾಳೆ ತಂದಳು. "ನಮ್ಮ ಮಗೂನ ಇಷ್ಟು ದಿನ ಎತ್ತಿ ಆಡಿಸಿದ ಕೈ ಅದು. ಅದರ ಅನ್ನ ಕಿತ್ಕೊಂಡು ನಾನು ಮಗು ತರಲಾ?" ಅಂದಳು. ಫೋಟೋ ಹಾಕಿದ್ದು ನಾವೇ ಎಂದು ಬರೆದು ಇಬ್ಬರೂ ಸಹಿ ಮಾಡಿ ಕೊಟ್ಟರು. ಮಹದೇವಮ್ಮ ಮರುವಾರ ಕೆಲಸಕ್ಕೆ ವಾಪಸ್ ಬಂದಳು.

ಫೈಲು ಮಾತ್ರ ಅಲುಗಲಿಲ್ಲ. ತಪ್ಪೊಪ್ಪಿಗೆ ಬಂದ ಮೇಲೆ ಅದು ವಿಚಾರಣೆಯ ಫೈಲಾಯಿತು. ಕಾನೂನು ಸಲಹೆಗೆ ಹೋಯಿತು, ಬೆಂಗಳೂರಿಗೆ ಹೋಯಿತು, ಪ್ರಶ್ನೆಗಳ ಸಮೇತ ಹಿಂದೆ ಬಂತು. ನಮ್ಮ ಅಧಿಕಾರಿಯ ಮುಂದೆ ನಿಂತು ಇದೆಷ್ಟು ದಿನ ಸಾರ್ ಎಂದು ಕೇಳಿದೆ. ಕೆಟ್ಟವರಲ್ಲ, ಆದರೆ ಸುಸ್ತಾದ ಮನುಷ್ಯ. "ನಿಜ ಹೇಳಿದೋರ ಫೈಲೇ ನನ್ನ ಮೇಜಿನ ಮೇಲೆ ಜಾಸ್ತಿ ದಿನ ಇರುತ್ತೆ ಮೇಡಂ. ಪತ್ತೆಯಾಗಿಲ್ಲ ಅಂತ ಬರೆದಿದ್ರೆ ಇಷ್ಟೊತ್ತಿಗೆ ಮುಗಿದೋಗಿರೋದು" ಎಂದರು. ಅವರ ಮೇಲೆ ರೇಗಬೇಕೆಂದುಕೊಂಡೆ. ಅವರು ಹೇಳಿದ್ದು ನಿಜವಾದ್ದರಿಂದ ರೇಗಲಾಗಲಿಲ್ಲ.

ಚಂದನಳಿಗೆ ಮೂರು ತುಂಬಿತು. ಶಿಶುಗೃಹದಲ್ಲಿ ಕೇಕ್ ಕತ್ತರಿಸಿದರು. ನಂಜನಗೂಡಿನಲ್ಲೂ ಕೇಕ್ ಮಾಡಿದ್ದರಂತೆ, ಆದರೆ ಕತ್ತರಿಸಲು ಕೈ ಬರಲಿಲ್ಲವಂತೆ.

ಫೋಟೋ ಇನ್ನೂ ಜನರ ಮೊಬೈಲಿನಲ್ಲಿದೆ, ಅದನ್ನು ತೆಗೆಸಲು ಏನು ಮಾಡಿದ್ದೀರಿ ಎಂಬುದು ಬೆಂಗಳೂರಿನಿಂದ ಬಂದ ಪ್ರಶ್ನೆಗಳಲ್ಲೊಂದು. ಬೇರೆಯವರಾಗಿದ್ದರೆ ಗುಂಪಿಗೆ ಒಂದು ಮೆಸೇಜು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಸರಪಳಿಯಲ್ಲಿದ್ದ ಮನೆಮನೆಗೂ ಹೋದರು. ಕೆಲಸ ಮುಗಿಸಿ, ಸಂಜೆ ಬಸ್ಸು ಹಿಡಿದು, ಭಾನುವಾರ ಆರಾಧನೆ ಮುಗಿದ ಮೇಲೆ. ನಂಜನಗೂಡು, ನರಸೀಪುರ, ಆಚೆ ಕೊಳ್ಳೇಗಾಲದವರೆಗೆ. ಹೋಗಿ ಕೂತು, ನಮ್ಮಿಂದ ತಪ್ಪಾಗಿದೆ ಎಂದು ಹೇಳಿ, ಕಣ್ಣೆದುರೇ ಫೋಟೋ ಅಳಿಸಿ ಎಂದು ಕೇಳುವುದು. ಕೆಲವರು ಅತ್ತರು. ಕೆಲವರು, ಪ್ರಾರ್ಥನೆ ಮಾಡಿದ್ದೇ ತಪ್ಪಾಯ್ತಾ ಎಂದು ಮುಖ ತಿರುಗಿಸಿದರು. ತಾವೇ ಬೇಡಿ ತರಿಸಿಕೊಂಡ ಪ್ರಾರ್ಥನೆಯನ್ನು ತಾವೇ ಮನೆಮನೆಗೆ ಹೋಗಿ ವಾಪಸ್ ಕೇಳಿದ ಹಾಗಿತ್ತು.

ನರಸೀಪುರದ ಒಂದು ಮನೆಗೆ ನಾನೂ ಜೊತೆಗೆ ಹೋದೆ, ವರದಿಯಲ್ಲಿ ಬರೆಯಲು ಕಣ್ಣಾರೆ ನೋಡಬೇಕಿತ್ತು. ಕರುಣಮ್ಮ ಅಂತ ಮುದುಕಿ. ಅವಳ ಹತ್ತಿರ ಮೊಬೈಲೇ ಇಲ್ಲ. ಮೊಮ್ಮಗಳಿಗೆ ಹೇಳಿ ಸ್ಟುಡಿಯೋದಲ್ಲಿ ಫೋಟೋ ಪ್ರಿಂಟ್ ಹಾಕಿಸಿ ಸತ್ಯವೇದದೊಳಗೆ, ಅಂದರೆ ಬೈಬಲ್ಲಿನಲ್ಲಿ, ಇಟ್ಟುಕೊಂಡಿದ್ದಳು. ಪ್ರಮೀಳಾ ಕೇಳಿದಾಗ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

"ಸರಪಳೀಲಿ ಬೆಳಗಾನ ಐದರ ಪಾಳಿ ನಂದು ಕಣವ್ವಾ. ಮಿಕ್ಕೋರೆಲ್ಲ ನಿಲ್ಸವ್ರೆ, ನಾನು ನಿಲ್ಸಿಲ್ಲ. ಮಗೀನ ಮಕ ನೋಡ್ದೆ ಎಂಗವ್ವಾ ಪ್ರಾರ್ಥನೆ ಮಾಡ್ಲಿ?"

"ಇದು ನಿಮ್ಮ ಹತ್ರ ಇದ್ರೆ ಮಗು ನನ್ನ ಹತ್ರ ಬರಲ್ಲ ಅಜ್ಜೀ" ಎಂದಳು ಪ್ರಮೀಳಾ.

ಕರುಣಮ್ಮ ಪುಸ್ತಕವನ್ನು ಮಡಿಲಿಗಿಳಿಸಿದಳು. ಆಮೇಲೆ ಪುಸ್ತಕ ತೆರೆದು, ಫೋಟೋ ತೆಗೆದು, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಷ್ಟು ಹತ್ತಿರ ಹಿಡಿದರೆ ಮಾತ್ರ ಅವಳಿಗೆ ಕಾಣುತ್ತಿತ್ತು ಅಂತ ಕಾಣುತ್ತದೆ. "ತಕೋ. ಮಕ ನಂಗೆ ಬಾಯ್ಪಾಠ ಆಗೋಗದೆ" ಅಂದು ಕೊಟ್ಟಳು. ನಾನು ಅಲ್ಲಿಂದ ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ವರದಿಯಲ್ಲಿ ಒಂದು ಪ್ರಿಂಟ್ ವಶಪಡಿಸಿಕೊಳ್ಳಲಾಯಿತು ಎಂದು ಬರೆದೆ.

ಇಷ್ಟೆಲ್ಲ ಆದ ಮೇಲೆ ಲಿಖಿತ ಎಚ್ಚರಿಕೆ ಕೊಟ್ಟು ವಿಚಾರಣೆ ಮುಗಿಸಿದರು. ಬಚಾವಾದೆವು ಅಂದುಕೊಳ್ಳುವಷ್ಟರಲ್ಲಿ ರಾಯಭಾರ ಕಚೇರಿಯ ಒಪ್ಪಿಗೆ ಪತ್ರದ ಅವಧಿ ಮುಗಿದಿತ್ತು. ಹೊಸದಾಗಿ ಅರ್ಜಿ, ಹೊಸದಾಗಿ ಪೊಲೀಸ್ ಪರಿಶೀಲನೆ, ಹೊಸದಾಗಿ ಆರೋಗ್ಯ ತಪಾಸಣೆ. ನನ್ನ ಹೋಮ್ ಸ್ಟಡಿಯೂ ಹಳೆಯದಾಗಿತ್ತು. ಮತ್ತೆ ಹೋಗಿ ಅದೇ ಕೋಣೆ, ಅದೇ ಬಲ್ಬು, ಅದೇ ಚಾಪೆ ನೋಡಿ ಬರೆದೆ. ಈ ಸಲ ಪ್ರಮೀಳಾ ಉಪ್ಪಿಟ್ಟು ಮಾಡಿರಲಿಲ್ಲ. ಕಾಫಿಗೆ ಸಕ್ಕರೆ ಹಾಕುವುದನ್ನೂ ಮರೆತಿದ್ದಳು. ನಾನು ಹಾಗೇ ಕುಡಿದೆ.

ಆಮೇಲೊಂದು ಮಧ್ಯಾಹ್ನ ಯೂನಿಫಾರ್ಮಿನಲ್ಲೇ ನರಸೀಪುರದಿಂದ ನೇರ ಮೈಸೂರಿಗೆ, ನನ್ನ ಕಚೇರಿಗೆ ಬಂದಳು. ಗಂಡನಿಗೆ ಹೇಳಿ ಬಂದಿರಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಬೇರೆ ಯಾರಿಗಾದ್ರೂ ಕೊಟ್ಬಿಡಿ ಮೇಡಂ" ಅಂದಳು. "ಬೇಗ ಕರ್ಕೊಂಡು ಹೋಗೋರಿಗೆ ಕೊಡಿ. ನಾನು ಬರೆದುಕೊಡ್ತೀನಿ, ನಮಗೆ ಮಗು ಬೇಡ ಅಂತ. ನಾನು ಕಾಯ್ತಾ ಕೂತು ಅವಳನ್ನ ಮೂಗಿ ಮಾಡ್ತಿದೀನಿ. ನಾಲ್ಕು ತುಂಬೋಕ್ ಬಂತು. ನನ್ನ ಆಸೆಗೆ ಅವಳ ಮಾತು ಯಾಕೆ ಹೋಗ್ಬೇಕು?"

ಇಷ್ಟು ವರ್ಷದ ಕೆಲಸದಲ್ಲಿ ಮಗು ಬೇಕು ಎಂದು ಕಾಲು ಹಿಡಿದವರನ್ನು ನೋಡಿದ್ದೇನೆ. ಮಗುವಿಗೋಸ್ಕರ ಮಗುವನ್ನೇ ಬಿಟ್ಟುಕೊಡಲು ಬಂದವಳನ್ನು ಅದೊಂದೇ ಸಲ ನೋಡಿದ್ದು. ಆದರೆ ಅವಳಿಗೆ ನಾನು ಹೇಳಬೇಕಾದದ್ದು ಇನ್ನೂ ಕ್ರೂರವಾಗಿತ್ತು. ಅವರು ಬಿಟ್ಟುಕೊಟ್ಟರೆ ಚಂದನ ಮತ್ತೆ ಪಟ್ಟಿಗೆ ಹೋಗುತ್ತಾಳೆ. ಕಿವಿ ಕೇಳದ, ವಯಸ್ಸಾಗುತ್ತಿರುವ ಮಗುವನ್ನು ಒಪ್ಪುವವರು ಸಿಗಬೇಕು. ಸಿಕ್ಕರೂ ಹೆಚ್ಚುಪಾಲು ಹೊರದೇಶದವರೇ, ಅವರಿಗೂ ಇದೇ ಪತ್ರ, ಇದೇ ಎನ್‌ಓಸಿ, ಮೊದಲಿನಿಂದ. "ನೀನು ಬಿಟ್ಟರೂ ಬೇಗ ಆಗಲ್ಲ ಕಣಮ್ಮ. ಇನ್ನೂ ತಡ ಆಗುತ್ತೆ. ನೀನು ಇಟ್ಕೊಂಡಿರೋದೇ ಅವಳಿಗೆ ಇರೋ ಹತ್ತಿರದ ದಾರಿ" ಎಂದೆ.

ಹಿಡಿದುಕೊಂಡರೂ ನಷ್ಟ, ಬಿಟ್ಟರೂ ನಷ್ಟ ಎಂದು ತಿಳಿದಾಗ ಅವಳು ಕೂತಳು. ಕೂತು, ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಸಾಂತ್ವನದ ಮಾತು ನನಗೆ ಬರುವುದಿಲ್ಲ, ಬೈಯಲು ಬರುತ್ತದೆ. ಬೈಯಲು ಅಲ್ಲಿ ಯಾರೂ ಇರಲಿಲ್ಲ. ಪಕ್ಕದ ಟೇಬಲ್ಲಿನವರು ಎದ್ದು ಆಚೆ ಹೋದರು. ಆಮೇಲೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ನಂಜನಗೂಡಿನ ಬಸ್ಸು ಹತ್ತಿಸಿ ಬಂದೆ.

ಎನ್‌ಓಸಿ ಕೊನೆಗೂ ಬಂತು. ಯಾಕೆ ತಡವಾಯಿತು ಎಂದು ಯಾರೂ ಹೇಳಲಿಲ್ಲ, ಯಾಕೆ ಬಂತು ಎಂದೂ ಹೇಳಲಿಲ್ಲ. ಜಿಲ್ಲಾಧಿಕಾರಿಗಳ ಆದೇಶವೂ ಆಯಿತು. ಮಗುವನ್ನು ಕೈಗೊಪ್ಪಿಸುವ ದಿನ ಶಿಶುಗೃಹಕ್ಕೆ ಬಂದ ಪ್ರಮೀಳಾಳನ್ನು ನೋಡಿ ನನಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಮೂಗು ಕೆಂಪಗೆ ಊದಿಕೊಂಡಿತ್ತು. ಅದರಲ್ಲಿ ಸಣ್ಣದೊಂದು ಬಿಳಿ ಹರಳಿನ ಮೂಗುಬೊಟ್ಟು. ಎರಡು ದಿನದ ಹಿಂದೆ ಚುಚ್ಚಿಸಿಕೊಂಡಿದ್ದಳು. ನರ್ಸಾಗಿ ಇಷ್ಟು ಊದೋ ಹಾಗೆ ಚುಚ್ಚಿಸಿಕೊಳ್ಳೋದಾ ಎಂದು ಗದರಿದೆ. ಮಹದೇವಮ್ಮ ಮಗುವನ್ನು ತಂದು ಅವಳ ಕೈಗೆ ಕೊಟ್ಟಳು. ಮಗು ದೊಡ್ಡದಾಗಿತ್ತು, ಎತ್ತಿಕೊಂಡರೆ ಕಾಲು ಅವಳ ಮೊಣಕಾಲಿನವರೆಗೆ ಇಳಿಬೀಳುತ್ತಿತ್ತು. ಮುಖ ನೋಡಿತು. ನೆನಪಿದ್ದಂತೆ ಕಾಣಲಿಲ್ಲ. ಆಮೇಲೆ ಕೈ ನೇರವಾಗಿ ಮೂಗುಬೊಟ್ಟಿಗೇ ಹೋಯಿತು. ಹಸಿ ಗಾಯ, ಹಿಡಿದು ಎಳೆಯಿತು. ಪ್ರಮೀಳಾಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ಆದರೂ ಮುಖ ಹಿಂದಕ್ಕೆ ತಗೊಳ್ಳಲಿಲ್ಲ.

ಆಪರೇಷನ್ ಆಯಿತು. ಕಿವಿ ಆಸ್ಪತ್ರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: ಸದ್ದು ತಿಳಿಯುತ್ತದೆ, ತನ್ನ ಹೆಸರು ತಿಳಿಯುತ್ತದೆ, ಮಾತು ಅಷ್ಟಿಷ್ಟು ಬರಬಹುದು, ಎಲ್ಲರ ಹಾಗೆ ಬರುವುದು ಕಷ್ಟ. ಮುಂಚೆಯೇ ಕರೆತಂದಿದ್ದರೆ ಬೇರೆ ಮಾತು. ಸುಕುಮಾರ ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹೊರಗೆ ಬಂದ ಮೇಲೆ ಪ್ರಮೀಳಾ ನನ್ನನ್ನು ಕೇಳಿದಳು, "ಅವತ್ತು ನಿಜ ಬರೆದುಕೊಡದೇ ಇದ್ದಿದ್ರೆ ಇವಳು ಮಾತಾಡ್ತಿದ್ಲಾ ಮೇಡಂ?" ನನಗೆ ಉತ್ತರ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ನಿವೃತ್ತಿಯಾದ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಆಗಾಗ ಕರೆಯುತ್ತಾರೆ. ಅನುಭವ, ತಾಳ್ಮೆ, ಮಾನವೀಯತೆ ಅಂತೆಲ್ಲ ಹೇಳಲಿ ಎಂದು ಅವರ ಆಸೆ. ನಾನು ಹೇಳುವುದು ಒಂದೇ. ದತ್ತು ಫೈಲಿನಲ್ಲಿ ಕಾಯುತ್ತಿರುವವರು ಎಂಬ ಜಾಗದಲ್ಲಿ ಗಂಡ ಹೆಂಡತಿಯ ಹೆಸರು ಬರೆದಿರುತ್ತೇವೆ. ಅದು ತಪ್ಪು. ದೊಡ್ಡವರು ಕಾದರೆ ತಲೆ ನರೆಯುತ್ತದೆ, ಅಷ್ಟೇ. ಮಗು ಕಾದರೆ ಮಗುವಿನಿಂದಲೇ ಏನೋ ಕಳೆದುಹೋಗುತ್ತದೆ, ಆಮೇಲೆ ಯಾವ ಸಹಿಯೂ ಅದನ್ನು ವಾಪಸ್ ತರುವುದಿಲ್ಲ. ಒಂದು ಫೈಲನ್ನು ನಾಳೆ ನೋಡೋಣ ಎಂದು ಪಕ್ಕಕ್ಕಿಡುವ ಮುಂಚೆ, ಆ ನಾಳೆ ಯಾರ ಮೈಯಿಂದ ಹೋಗುತ್ತಿದೆ ಎಂದು ಕೇಳಿಕೊಳ್ಳಿ ಎಂದು ಹೇಳಿ ಕೂರುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ.

ಮೊನ್ನೆ ಕಳಲೆಗೆ ಒಂದು ಮದುವೆಗೆ ಹೋದವಳು ವಾಪಸ್ ಬರುವಾಗ ನಂಜನಗೂಡಿನಲ್ಲಿ ಇಳಿದು ಅವರ ಮನೆಗೆ ಹೋದೆ. ಬೆಲ್ ಒತ್ತಿದೆ. ಎಂದಿನಂತೆ ಸದ್ದಿಲ್ಲ. ಕಿಟಕಿಯಿಂದ ಹಜಾರ ಕಾಣುತ್ತಿತ್ತು. ಚಂದನ ಆಗತಾನೆ ಸ್ನಾನ ಮಾಡಿ, ಕಿವಿಯ ಯಂತ್ರ ಇನ್ನೂ ಹಾಕಿಕೊಳ್ಳದೆ, ಟವೆಲ್ ಸುತ್ತಿಕೊಂಡು ನಿಂತಿತ್ತು. ಹಳದಿ ಬಲ್ಬು ಹೊತ್ತಿ ಆರಿದ್ದನ್ನು ನೋಡಿತು. ಕಿಟಕಿಯ ಕಡೆ ತಿರುಗಿ ನನ್ನನ್ನೂ ನೋಡಿತು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಓಡಿ, ಒದ್ದೆ ಕಾಲಿನಿಂದ ನೆಲವನ್ನು ಎರಡು ಸಲ ಜೋರಾಗಿ ಕುಟ್ಟಿ, ತೋರುಬೆರಳನ್ನು ಮೂಗಿನ ಪಕ್ಕಕ್ಕೆ ಮುಟ್ಟಿಸಿಕೊಂಡು ಕಾಯುತ್ತಾ ನಿಂತಿತು. ಒಲೆಯ ಮುಂದಿದ್ದ ಪ್ರಮೀಳಾ ತಕ್ಷಣ ತಿರುಗಿದಳು.